ಬೀಗವೇನೋ ಗಟ್ಟಿ, ಅದು ಕೂತಿರುವ ಮರ?

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮದು ಸ್ವಂತ ಮನೆ. ನೆಲಮಹಡಿ, ಮೇಲೆ ತಾರಸಿ. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗಳು ಶಾಲೆಗೆ. ಹಗಲು ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಹೋದ ತಿಂಗಳು ನಮ್ಮ ಬೀದಿಯಲ್ಲೇ, ಮದುವೆಗೆ ಹೋದವರ ಮನೆಗೆ ಕಳ್ಳರು ನುಗ್ಗಿ ಬೀರು ಒಡೆದು ಒಡವೆ ಒಯ್ದರು. ಅವರ ಮನೆಗೆ ಒಳ್ಳೆ ಬೀಗವೇ ಇತ್ತು. ಆವತ್ತಿನಿಂದ ಅಮ್ಮ ಸರಿಯಾಗಿ ನಿದ್ದೆ ಮಾಡಿಲ್ಲ. ಬರುವ ತಿಂಗಳು ಎಲ್ಲರೂ ಸೇರಿ ಹದಿನೈದು ದಿನ ಕಾಶಿಗೆ ಹೊರಟಿದ್ದೇವೆ. ಎಂಟು ಕ್ಯಾಮೆರಾ ಹಾಕಿಸಿ ಅಂತ ಅಂಗಡಿಯವರು 48 ಸಾವಿರದ ಕೊಟೇಶನ್ ಕೊಟ್ಟಿದ್ದಾರೆ. ನಮ್ಮ ಕೈಲಿರುವುದು ಸುಮಾರು 50 ಸಾವಿರ. ಕಳ್ಳರು ಗೋಡೆಗೆ ಗುರುತು ಹಾಕಿ ಹೋಗುತ್ತಾರೆ, ಸ್ಪ್ರೇ ಹೊಡೆದು ಮನೆಯವರನ್ನು ಮಲಗಿಸುತ್ತಾರೆ ಅಂತೆಲ್ಲ ವಾಟ್ಸಾಪಿನಲ್ಲಿ ಬರುತ್ತಿದೆ. ನಿಜವಾ? ಕ್ಯಾಮೆರಾ ಹಾಕಿಸಲಾ, ನಾಯಿ ಸಾಕಲಾ, ಡಿಜಿಟಲ್ ಲಾಕ್ ಹಾಕಿಸಲಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಭಯ ಸೇರಿಕೊಂಡಿವೆ. ಒಂದು, ಹದಿನೈದು ದಿನ ಖಾಲಿ ಬೀಳುವ ಮನೆಯದ್ದು. ಇನ್ನೊಂದು, ಹಗಲು ಹೊತ್ತು ಇಬ್ಬರೇ ಇರುವ ಅಪ್ಪ ಅಮ್ಮನದ್ದು. ಖಾಲಿ ಮನೆಗೆ ಬರುವವನು ಬಾಗಿಲು ಒಡೆಯುತ್ತಾನೆ. ವಯಸ್ಸಾದವರಿರುವ ಮನೆಗೆ ಬರುವವನು ಅವರ ಕೈಯಿಂದಲೇ ಬಾಗಿಲು ತೆಗೆಸುತ್ತಾನೆ. ಎಂಟು ಕ್ಯಾಮೆರಾ ಹಾಕಿಸಿದರೂ ಈ ಎರಡರಲ್ಲಿ ಯಾವುದೂ ನಿಲ್ಲುವುದಿಲ್ಲ. ಕ್ಯಾಮೆರಾ ಬೇಡ ಅಂತಲ್ಲ. ಆದರೆ ಮೊದಲ ಖರ್ಚು ಅದಾಗಬಾರದು.

ನಾನು ಪೊಲೀಸ್ ಇಲಾಖೆಯಲ್ಲಿ, ಅಪರಾಧ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕನ್ನ ಕಳವಾದ ಮನೆಗೆ ಮಹಜರಿಗೆ ಹೋದಾಗಲೆಲ್ಲ ನೀವು ಬರೆದ ಮಾತೇ ಕಿವಿಗೆ ಬೀಳುತ್ತಿತ್ತು: ‘ಒಳ್ಳೆ ಬೀಗವೇ ಹಾಕಿದ್ವಿ ಸಾರ್.’ ಅವರು ಹೇಳಿದ್ದು ನಿಜವೇ. ಎಷ್ಟೋ ಕಡೆ ಬೀಗ ಹಾಕಿದ್ದು ಹಾಕಿದ ಹಾಗೇ, ಕೊಂಡಿ ಸಮೇತ ನೆಲದ ಮೇಲೆ ಬಿದ್ದಿರುತ್ತಿತ್ತು. ಕಿತ್ತು ಬಂದಿದ್ದು ಅದನ್ನು ಕೂರಿಸಿದ್ದ ಮರ.

ನಿಮ್ಮ ಮುಂಬಾಗಿಲನ್ನು ಒಮ್ಮೆ ಹತ್ತಿರದಿಂದ ನೋಡಿ. ಬಾಗಿಲು ತೇಗದ್ದೇ ಇರಬಹುದು. ಲಾಕಿನ ನಾಲಿಗೆ ಚೌಕಟ್ಟಿನೊಳಗೆ ಹೋಗಿ ಕೂರುವ ಜಾಗದಲ್ಲಿ ಒಂದು ತೆಳ್ಳನೆಯ ತಗಡಿನ ಪಟ್ಟಿ ಇದೆ ಅಲ್ವಾ? ಅದರ ಸ್ಕ್ರೂ ಒಂದನ್ನು ಬಿಚ್ಚಿ ಅಂಗೈ ಮೇಲೆ ಇಟ್ಟುಕೊಳ್ಳಿ. ಬಹಳ ಮನೆಗಳಲ್ಲಿ ಅದು ಅರ್ಧ ಇಂಚು, ಹೆಚ್ಚೆಂದರೆ ಮುಕ್ಕಾಲು ಇಂಚು. ನಾಲಿಗೆಗಾಗಿ ಮರವನ್ನು ಕೊರೆದಿರುವುದರಿಂದ ಅಲ್ಲಿ ಉಳಿದಿರುವ ಮರವೂ ಬೆರಳಿನಷ್ಟೇ ದಪ್ಪ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಗೆ ರಾಡು ತೂರಿಸಿ ಮೈಭಾರ ಹಾಕಿದರೆ ಆ ಮರ ಉದ್ದಕ್ಕೆ ಸೀಳಿಕೊಳ್ಳುತ್ತದೆ. ಸಾವಿರಾರು ರೂಪಾಯಿಯ ಲಾಕಿನ ಮೇಲೆ ಒಂದು ಗೀರೂ ಬಿದ್ದಿರುವುದಿಲ್ಲ.

ಇದನ್ನು ಸರಿಮಾಡಲು ಒಬ್ಬ ಒಳ್ಳೆ ಬಡಗಿ ಸಾಕು, ಒಂದೆರಡು ದಿನದ ಕೆಲಸ. ಆ ತಗಡಿನ ಜಾಗದಲ್ಲಿ ಒಂದು ಅಡಿ ಉದ್ದದ ದಪ್ಪ ಸ್ಟೀಲ್ ಪಟ್ಟಿ ಹಾಕಿಸಿ. ಅದಕ್ಕೆ ಮೂರು ಇಂಚಿನ ಸ್ಕ್ರೂ ಬಳಸಲು ಹೇಳಿ. ಆಗ ಹಿಡಿತ ಚೌಕಟ್ಟಿನ ಒಳಮರಕ್ಕೆ ಇಳಿಯುತ್ತದೆ. ಬಾಗಿಲಿನ ಹಿಂಜಸ್‌ಗೂ ಅದೇ ಉದ್ದದ ಸ್ಕ್ರೂ ಹಾಕಿಸಿ. ಈಗಿರುವ ಲಾಕ್ ಸೊಂಟದ ಎತ್ತರದಲ್ಲಿದ್ದರೆ, ಭುಜದ ಎತ್ತರದಲ್ಲಿ ಇನ್ನೊಂದು ಇರಲಿ. ಎರಡು ಕಡೆ ಹಿಡಿದುಕೊಂಡ ಬಾಗಿಲು ರಾಡಿಗೆ ಸುಲಭವಾಗಿ ಬಾಗುವುದಿಲ್ಲ. ಚೌಕಟ್ಟಿಗೂ ಗೋಡೆಗೂ ನಡುವೆ ಬಿರುಕಿದ್ದರೆ ಅದನ್ನೂ ಗಮನಿಸಿ. ಚೌಕಟ್ಟನ್ನು ಗೋಡೆಗೆ ಕಚ್ಚಿಸುವ ಹೋಲ್ಡ್ ಫಾಸ್ಟ್ ಸಡಿಲವಾಗಿದ್ದರೆ ಮೇಲೆ ಏನು ಹಾಕಿದರೂ ದಂಡ.

ಹೊರಗಡೆ ಕೊಂಡಿಗೆ ಬೀಗ ಹಾಕುವವರು ನೀವಾದರೆ, ಕೊಂಡಿಯ ಸ್ಕ್ರೂಗಳು ಹೊರಗೆ ಕಾಣುತ್ತಿವೆಯಾ ನೋಡಿ. ಕಾಣುತ್ತಿದ್ದರೆ ಅದನ್ನು ತೆಗೆಸಿ, ಬಾಗಿಲಿನ ಆ ಕಡೆಯಿಂದ ಈ ಕಡೆಗೆ ಹಾಯುವ ಬೋಲ್ಟ್ ಹಾಕಿ ಒಳಗಡೆ ನಟ್ ಬಿಗಿಸಿ. ಎಳೆದ ಕೂಡಲೇ ತಾನೇ ಬೀಳುವ ನೈಟ್ ಲ್ಯಾಚ್ ಇದ್ದರೆ ಒಂದು ಮಾತು: ಬರೀ ಎಳೆದು ಹೊರಟರೆ ಅದರ ಸ್ಪ್ರಿಂಗ್ ನಾಲಿಗೆಯನ್ನು ಹಿಂದಕ್ಕೆ ತಳ್ಳಬಹುದು. ಹೊರಗಿನಿಂದ ಕೀ ಹಾಕಿ ಇನ್ನೊಂದು ಸುತ್ತು ತಿರುಗಿಸಿದರೆ ಮಾತ್ರ ಅದು ಪೂರ್ತಿ ಲಾಕ್. ಮಾದರಿಯಿಂದ ಮಾದರಿಗೆ ಇದು ಬೇರೆ ಇರುತ್ತದೆ, ಅಂಗಡಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮನೆಯವರೆಲ್ಲರಿಗೂ ಅದನ್ನು ರೂಢಿ ಮಾಡಿಸಿ.

ಇಷ್ಟೆಲ್ಲ ಯಾಕೆ ಅಂದರೆ, ಮನೆಗಳ್ಳನಿಗೆ ಬೇಕಾಗಿರುವುದು ಸದ್ದಿಲ್ಲದ ಎರಡು ಮೂರು ನಿಮಿಷ. ಬಾಗಿಲು ಅದಕ್ಕಿಂತ ಜಾಸ್ತಿ ಹೊತ್ತು ತಡೆದು, ಒಡೆಯುವಾಗ ಸದ್ದೂ ಆದರೆ ಬಹುತೇಕರು ಬಿಟ್ಟು ಹೋಗುತ್ತಾರೆ. ಒಡೆಯಲು ಶುರುಮಾಡಿ ಅರ್ಧಕ್ಕೆ ಬಿಟ್ಟ ಬಾಗಿಲುಗಳನ್ನೂ ನಾನು ಸಾಕಷ್ಟು ನೋಡಿದ್ದೇನೆ. ನಿಮ್ಮ ಊರಿನ ಮಟ್ಟಿಗೆ ಮಳೆಗಾಲದ ರಾತ್ರಿಗಳಲ್ಲಿ ಹೆಚ್ಚು ಎಚ್ಚರ ಬೇಕು. ಶೀಟಿನ ಮೇಲೆ ಮಳೆ ಬಡಿಯುವಾಗ ಪಕ್ಕದ ಮನೆಯ ಬಾಗಿಲು ಒಡೆದರೂ ಕೇಳಿಸುವುದಿಲ್ಲ.

ಮುಂಬಾಗಿಲಿಗೆ ಇಷ್ಟು ಮಾಡಿ ಹಿತ್ತಲ ಬಾಗಿಲನ್ನು ಹಾಗೇ ಬಿಡಬೇಡಿ. ಅಡುಗೆಮನೆಯ ಹಿಂದಿನ ಬಾಗಿಲು ಸಾಮಾನ್ಯವಾಗಿ ಅಗ್ಗದ ಪ್ಲೈವುಡ್ಡು ಅಥವಾ ಪಿವಿಸಿಯದ್ದು, ಒಂದೇ ಒಂದು ಟವರ್ ಬೋಲ್ಟು. ಅದಕ್ಕೆ ಒಳಗಿನಿಂದ ಗೋಡೆಯಿಂದ ಗೋಡೆಗೆ ಅಡ್ಡ ಬೀಳುವ ಕಬ್ಬಿಣದ ಪಟ್ಟಿ ಹಾಕಿಸಿ. ನಮ್ಮ ಹಳೇ ಮನೆಗಳ ಅಗುಳಿಯೂ ಇದೇ ಕೆಲಸ ಮಾಡುತ್ತಿತ್ತು. ತಾರಸಿ ಬಾಗಿಲೂ ಅಷ್ಟೇ ಮುಖ್ಯ. ಮೇಲೆ ಯಾರು ಬರುತ್ತಾರೆ ಅಂತ ತಗಡಿನ ಬಾಗಿಲಿಗೆ ಸಣ್ಣ ಬೀಗ ನೇತುಹಾಕಿರುತ್ತೇವೆ. ಮಳೆನೀರಿನ ಪೈಪು, ಕಾಂಪೌಂಡಿಗೆ ಒರಗಿದ ಮರದ ಕೊಂಬೆ, ಪಕ್ಕದಲ್ಲಿ ಕಟ್ಟುತ್ತಿರುವ ಮನೆಯ ಸಾರುವೆ, ಹತ್ತಲು ಇವು ಸಾಕು. ಒಮ್ಮೆ ಮೇಲೆ ಹತ್ತಿದವನನ್ನು ಬೀದಿಯಿಂದ ಯಾರೂ ನೋಡುವುದಿಲ್ಲ, ಅಲ್ಲಿ ಅವನಿಗೆ ಎಷ್ಟು ಹೊತ್ತು ಬೇಕಾದರೂ ಸಿಗುತ್ತದೆ. ಬಚ್ಚಲುಮನೆಯ ಕಿಟಕಿಯಲ್ಲಿ ಗಾಜಿನ ಪಟ್ಟಿಗಳಿದ್ದರೆ ಅವನ್ನು ಒಂದೊಂದಾಗಿ ಜಾರಿಸಿ ತೆಗೆಯಬಹುದು. ಅದರ ಹಿಂದೆ ಗೋಡೆಗೆ ಕೂರಿಸಿದ ಸರಳು ಇರಲೇಬೇಕು. ಕಿಟಕಿ ಗ್ರಿಲ್ಲನ್ನು ಹೊರಗಿನಿಂದ ಸ್ಕ್ರೂ ಹಾಕಿ ನಿಲ್ಲಿಸಿದ್ದರೆ, ಆ ಸ್ಕ್ರೂ ತಲೆಗಳನ್ನು ವೆಲ್ಡ್ ಮಾಡಿಸಿ.

ಹಿತ್ತಲಿನಲ್ಲಿ ಇನ್ನೊಂದು ಕೆಲಸವಿದೆ, ಕಾಸಿಲ್ಲದ್ದು. ಹಾರೆ, ಪಿಕಾಸಿ, ಗುದ್ದಲಿ, ಏಣಿ ಎಲ್ಲವನ್ನೂ ಒಳಗಿಡಿ. ಬಾಗಿಲು ಒಡೆಯಲು ಬಳಸಿದ ಹಾರೆ ಮನೆಯವರದೇ ಆಗಿದ್ದ ಪ್ರಕರಣಗಳು ಮಲೆನಾಡಿನ ಕಡೆ ಅಪರೂಪವೇನಲ್ಲ.

ಇನ್ನು ವಾಟ್ಸಾಪಿನ ಮಾತು. ಗೋಡೆ ಮೇಲಿನ ಸೀಮೆಸುಣ್ಣದ ಗುರುತು ಬಹುಪಾಲು ಕೇಬಲ್‌ನವರದ್ದೋ, ಪೈಪ್‌ಲೈನಿನವರದ್ದೋ, ಮಕ್ಕಳದ್ದೋ ಆಗಿರುತ್ತದೆ. ಕಂಡರೆ ಒರೆಸಿಬಿಡಿ, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಕಿಟಕಿಯಿಂದ ಸ್ಪ್ರೇ ಹೊಡೆದು ಇಡೀ ಮನೆಯನ್ನು ಮಲಗಿಸುವುದಂತೂ ಆಗದ ಮಾತು. ಆಪರೇಷನ್ ಥಿಯೇಟರಿನಲ್ಲಿ ಒಬ್ಬರಿಗೆ ಮತ್ತು ಕೊಡಲು ವೈದ್ಯರು ಅಳತೆ ನೋಡಿ ನೋಡಿ ಕೊಡುತ್ತಾರೆ. ಗಾಳಿಯಾಡುವ ಕೋಣೆಯಲ್ಲಿ ಒಂದು ಡಬ್ಬಿಯಿಂದ ಅದು ಆಗುವುದಿಲ್ಲ. ‘ನಮಗೆ ಎಚ್ಚರವೇ ಆಗಲಿಲ್ಲ, ಏನೋ ಹೊಡೆದಿರಬೇಕು’ ಅಂತ ಮನೆಯವರು ಹೇಳುವುದುಂಟು. ರಾತ್ರಿ ಎರಡು ಮೂರು ಗಂಟೆಯ ಗಾಢ ನಿದ್ದೆ, ಮೇಲೆ ಫ್ಯಾನಿನ ಸದ್ದು, ಅಷ್ಟೇ ಕಾರಣ.

ಹಾಗಂತ ಹೊರರಾಜ್ಯದ ಗ್ಯಾಂಗುಗಳೇ ಇಲ್ಲ ಅಂತ ಹೇಳುತ್ತಿಲ್ಲ. 2024ರ ಜುಲೈನಲ್ಲಿ ಮಂಗಳೂರಿನಲ್ಲಿ ಹಿರಿಯ ದಂಪತಿ ಇದ್ದ ಮನೆಗೆ ಒಂದು ಗುಂಪು ನುಗ್ಗಿ, ಅವರ ಮೇಲೆ ಕೈಮಾಡಿ ದೋಚಿತು. ಅದೇ ದಿನ ಸಕಲೇಶಪುರದಲ್ಲಿ ಪೊಲೀಸರ ಕೈಗೆ ಸಿಕ್ಕಿಬಿತ್ತು. ಅಲ್ಲೂ ಮಂತ್ರವಾಗಲಿ, ಮತ್ತು ಬರಿಸುವ ಸ್ಪ್ರೇಯಾಗಲಿ ಇರಲಿಲ್ಲ, ಇದ್ದಿದ್ದು ತೋಳ್ಬಲ. ವಾಟ್ಸಾಪ್ ಸುದ್ದಿ ನಂಬಿ ಅಪರಿಚಿತರನ್ನು ಹಿಡಿದು ಹೊಡೆಯುವ ಕೆಲಸಕ್ಕೆ ಮಾತ್ರ ನಿಮ್ಮ ಬೀದಿಯವರು ಯಾರೂ ಇಳಿಯದಂತೆ ನೋಡಿಕೊಳ್ಳಿ. ಹೊಟ್ಟೆಪಾಡಿಗೆ ಬಂದ ಬಡವರು ಇದರಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.

ಗುರುತು ಹಾಕುವ ಕಷ್ಟ ಕಳ್ಳನಿಗೆ ಬೇಕಾಗಿಯೂ ಇಲ್ಲ. ಮನೆ ಖಾಲಿ ಇದೆ ಅಂತ ಮನೆಯೇ ಹೇಳುತ್ತದೆ. ಗೇಟಿಗೆ ಹೊರಗಡೆಯಿಂದ ಬಿದ್ದ ಬೀಗ, ಗೇಟಿನೊಳಗೆ ಬಿದ್ದ ಎರಡು ಮೂರು ದಿನದ ಪೇಪರು, ಗುಡಿಸದ ಎಲೆ, ಹಗಲು ಹನ್ನೆರಡಕ್ಕೂ ಉರಿಯುವ ಹೊರಗಿನ ಲೈಟು. ನಮ್ಮ ಕಡೆ ಇದಕ್ಕೆಲ್ಲಕ್ಕಿಂತ ದೊಡ್ಡ ಸುಳಿವು ರಂಗೋಲಿ. ಬೀದಿಯ ಎಲ್ಲ ಮನೆ ಮುಂದೆ ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದು, ಒಂದೇ ಮನೆ ಮುಂದೆ ಬಣಬಣ ಅಂದರೆ ಬೈಕಿನಲ್ಲಿ ಹಾಗೇ ಹಾದುಹೋಗುವವನಿಗೂ ಗೊತ್ತಾಗುತ್ತದೆ.

ಹಾಗಾಗಿ ಕಾಶಿಗೆ ಹೊರಡುವ ಮುಂಚೆ ಪಕ್ಕದ ಮನೆಯವರನ್ನೋ, ನಿಮ್ಮ ಮನೆಕೆಲಸದವರನ್ನೋ ಕೇಳಿಕೊಳ್ಳಿ. ಹದಿನೈದು ದಿನವೂ ಅಂಗಳ ಗುಡಿಸಿ, ನೀರು ಹಾಕಿ, ಎರಡು ಎಳೆ ರಂಗೋಲಿ ಬಿಡಲಿ. ಕೆಲಸದವರಿಗೆ ಅದಕ್ಕೆ ಬೇರೆ ದುಡ್ಡು ಕೊಡಿ. ಪೇಪರು, ಹಾಲು ನಿಲ್ಲಿಸಿ. ಗೇಟಿನ ಬೀಗವನ್ನು ಒಳಮುಖವಾಗಿ ಹಾಕಿಸಿ. ಹೊರಗಿನ ದೀಪಕ್ಕೆ ಕತ್ತಲಾದಾಗ ತಾನೇ ಹೊತ್ತಿ ಬೆಳಗಾದಾಗ ತಾನೇ ಆರುವ ಬಲ್ಬ್ ಹಾಕಿ. ಒಳಗಿನ ಒಂದು ಕೋಣೆಯ ದೀಪಕ್ಕೆ ಟೈಮರ್ ಇಟ್ಟು ಸಂಜೆ ಏಳರಿಂದ ಹತ್ತೂವರೆವರೆಗೆ ಉರಿಯುವ ಹಾಗೆ ಮಾಡಿ. ಗಂಗೆಯ ದಡದ ಫೋಟೊಗಳನ್ನು ಊರಿಗೆ ವಾಪಸ್ ಬಂದ ಮೇಲೆ ಸ್ಟೇಟಸ್‌ಗೆ ಹಾಕಿ. ಇದನ್ನು ಮಗಳಿಗೂ ಹೇಳಿ. ನಿಮ್ಮ ಠಾಣೆಗೆ ಹೋಗಿ ವಿಳಾಸ, ಹೊರಡುವ ಮತ್ತು ಬರುವ ದಿನ, ನಿಮ್ಮದೊಂದು, ಪಕ್ಕದ ಮನೆಯವರದೊಂದು ಫೋನ್ ನಂಬರ್ ಬರೆದುಕೊಡಿ. ರಾತ್ರಿ ಗಸ್ತಿನವರಿಗೆ ತಿಳಿಸುತ್ತಾರೆ. ಮನೆ ಮುಂದೆ ಯಾವಾಗಲೂ ಪೊಲೀಸರು ನಿಂತಿರಲು ಆಗುವುದಿಲ್ಲ, ಆದರೆ ಬೀಟ್ ಕಾನ್‌ಸ್ಟೇಬಲ್‌ಗೆ ಯಾವ ಮನೆ ನೋಡಬೇಕು ಅಂತ ಗೊತ್ತಿರುತ್ತದೆ.

ಬೀಗದ ಕೈಯನ್ನು ಹೂಕುಂಡದ ಕೆಳಗೆ, ಚಪ್ಪಲಿ ಸ್ಟ್ಯಾಂಡಿನಲ್ಲಿ, ಮೀಟರ್ ಪೆಟ್ಟಿಗೆಯಲ್ಲಿ ಇಡುವ ಅಭ್ಯಾಸ ಇವತ್ತೇ ನಿಲ್ಲಲಿ. ಬೀರುವಿನ ಕೀಯನ್ನು ಬೀರುವಿನ ತಲೆ ಮೇಲೆ ಇಡುವುದೂ ಅಷ್ಟೆ. ಕಳ್ಳ ಮೊದಲು ಮಲಗುವ ಕೋಣೆಗೆ ಹೋಗುತ್ತಾನೆ. ಹಾಸಿಗೆ ಎತ್ತುತ್ತಾನೆ, ಸೀರೆ ಮಡಿಕೆ ಕೊಡವುತ್ತಾನೆ, ಆಮೇಲೆ ದೇವರ ಮನೆ, ಅಕ್ಕಿ ಡಬ್ಬ. ಮನೆಯೊಳಗೆ ಒಡವೆ ಅಡಗಿಸಲು ನಮಗೆ ಹೊಳೆಯುವ ಜಾಗ ಅವನಿಗೂ ಹೊಳೆಯುತ್ತದೆ.

ಅದಕ್ಕೇ ಬಂಗಾರ ಮನೆಯಲ್ಲಿ ಇರದಿರುವುದೇ ಮೇಲು. ಬ್ಯಾಂಕ್ ಲಾಕರ್ ತೆಗೆದುಕೊಳ್ಳಿ, ಆದರೆ ಅದರ ಮಿತಿಯೂ ತಿಳಿದಿರಲಿ. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಳವು, ಬೆಂಕಿ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು ಮಾತ್ರ. ಬಾಡಿಗೆ 3,000 ಇದ್ದರೆ 3 ಲಕ್ಷ. ಭೂಕಂಪ, ಪ್ರವಾಹದಂಥ ವಿಕೋಪಕ್ಕೆ ಅದೂ ಇಲ್ಲ. ಆದರೂ ಮನೆಯ ಬೀರುವಿಗಿಂತ ಅದು ಎಷ್ಟೋ ವಾಸಿ. ಅಡಿಕೆ ಮಾರಿದ ದುಡ್ಡೋ, ಸೈಟಿನ ಮುಂಗಡವೋ ಮನೆಗೆ ಬಂದರೆ ಮಾರನೇ ದಿನವೇ ಬ್ಯಾಂಕಿಗೆ ಕಟ್ಟಿ. ಅದರ ವಿಷಯ ಹೋಟೆಲಿನಲ್ಲಿ, ಸಲೂನಿನಲ್ಲಿ ಆಡಬೇಡಿ.

ವಿಮೆಯ ವಿಷಯದಲ್ಲಿ ಬಹಳ ಜನ ಏಮಾರುತ್ತಾರೆ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಕೊಡುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಮುಖ್ಯವಾಗಿ ಬೆಂಕಿ, ನೆರೆ, ಭೂಕಂಪದಂಥ ಅನಾಹುತಕ್ಕೆ. ಅಂಥ ಅನಾಹುತ ಆದ ಏಳು ದಿನದೊಳಗಿನ ಕಳವಿಗೆ ಮಾತ್ರ ಅದರಲ್ಲಿ ಜಾಗವಿದೆ. ಮಾಮೂಲಿ ಕನ್ನ ಕಳವಿಗೆ ಬೇರೆ ಕವರ್ ಬೇಕು, ಒಡವೆಯನ್ನು ಬೇರೆಯಾಗಿ ಬರೆಸಬೇಕು. ಬಲವಂತವಾಗಿ ಒಳನುಗ್ಗಿದ ಗುರುತು ಇರಬೇಕು ಅಂತಲೂ ಇಂಥ ಪಾಲಿಸಿಗಳು ಸಾಮಾನ್ಯವಾಗಿ ಕೇಳುತ್ತವೆ. ಹೂಕುಂಡದ ಕೆಳಗಿನ ಕೀ ತೆಗೆದುಕೊಂಡು ಕಳ್ಳ ಒಳಗೆ ಹೋಗಿದ್ದರೆ ಅಲ್ಲಿಗೆ ತಕರಾರು ಶುರು. ಸಹಿ ಹಾಕುವ ಮುಂಚೆ ಈ ಭಾಗವನ್ನು ಓದಿ ಹೇಳಲು ಏಜೆಂಟರನ್ನು ಕೇಳಿ.

ಅಪ್ಪ ಅಮ್ಮನ ವಿಷಯಕ್ಕೆ ಬರುತ್ತೇನೆ. ನನಗೆ ನಿಜಕ್ಕೂ ಹೆಚ್ಚು ಆತಂಕ ಇರುವುದು ಇಲ್ಲೇ. ಹಗಲು ಹನ್ನೊಂದರಿಂದ ಮೂರರ ತನಕ ಬೀದಿ ಖಾಲಿ ಇರುತ್ತದೆ. ಆ ಹೊತ್ತಿಗೆ ಬರುವವರು ನಗುನಗುತ್ತಾ ಬರುತ್ತಾರೆ. ಒಬ್ಬ ಚಿನ್ನ ಪಾಲಿಶ್ ಮಾಡುವ ಪುಡಿ ತೋರಿಸುತ್ತಾನೆ. ಮೊದಲು ಹಿತ್ತಾಳೆ ದೀಪ ಫಳಫಳ ಮಾಡಿ ನಂಬಿಕೆ ಗಳಿಸುತ್ತಾನೆ, ಆಮೇಲೆ ಅಮ್ಮನ ಸರ ಕೇಳುತ್ತಾನೆ. ಅದನ್ನು ಆಸಿಡ್ ದ್ರಾವಣದಲ್ಲಿ ಅದ್ದಿದರೆ ಒಂದಿಷ್ಟು ಬಂಗಾರ ಕರಗಿ ಅವನ ಬಟ್ಟಲಲ್ಲೇ ಉಳಿಯುತ್ತದೆ, ಇಲ್ಲವೇ ಸರವೇ ಬದಲಾಗುತ್ತದೆ. ಇನ್ನೊಬ್ಬ ಬೀದಿಯಲ್ಲಿ ತಡೆದು, ಪೊಲೀಸ್ ಅಂತ ಹೇಳಿಕೊಂಡು, ‘ಮುಂದಿನ ಕ್ರಾಸಿನಲ್ಲಿ ಗಲಾಟೆ ಆಗಿದೆ, ಸರ ಬಳೆ ಬಿಚ್ಚಿ ಈ ಪೇಪರಿನಲ್ಲಿ ಕಟ್ಟಿಕೊಳ್ಳಿ’ ಅನ್ನುತ್ತಾನೆ. ಮನೆಗೆ ಹೋಗಿ ಬಿಚ್ಚಿ ನೋಡಿದರೆ ಒಳಗೆ ಕಲ್ಲು. ಯಾವ ಪೊಲೀಸರೂ ಬೀದಿಯಲ್ಲಿ ಯಾರ ಒಡವೆಯನ್ನೂ ಬಿಚ್ಚಿಸುವುದಿಲ್ಲ. ಅಮ್ಮನಿಗೆ ಇದನ್ನು ಮತ್ತೆ ಮತ್ತೆ ಹೇಳಿ.

ಇದಕ್ಕೆ ಬೇಕಾದ್ದು ಮುಂಬಾಗಿಲ ಹೊರಗೊಂದು ಕಬ್ಬಿಣದ ಗ್ರಿಲ್ ಬಾಗಿಲು. ಅದಕ್ಕೆ ಒಳಗಿನಿಂದ ಚಿಲಕ, ಬೀಗ ಇರಲಿ. ಮರದ ಬಾಗಿಲು ತೆಗೆದು, ಗ್ರಿಲ್ ಹಾಕಿಕೊಂಡೇ ಮಾತಾಡಬಹುದು. ಬಂದವನು ನೀರು ಕೇಳಿದರೆ ಲೋಟವನ್ನು ಸರಳುಗಳ ಸಂದಿಯಿಂದ ಕೊಡಬಹುದು. ಅತಿಥಿಯನ್ನು ಹೊರಗೆ ನಿಲ್ಲಿಸಿದೆ ಅನ್ನುವ ಸಂಕೋಚ ನಮ್ಮ ಹಿರಿಯರಿಗೆ ಬಹಳ. ಮನೆಯಲ್ಲಿ ಒಂದು ಕಟ್ಟುಪಾಡು ಮಾಡಿ: ನೀವು ಫೋನ್ ಮಾಡಿ ಹೇಳದೆ ಗ್ಯಾಸ್, ಕರೆಂಟ್, ಇಂಟರ್‌ನೆಟ್, ಬ್ಯಾಂಕ್ ಅಂತ ಬಂದ ಯಾರಿಗೂ ಗ್ರಿಲ್ ತೆಗೆಯುವುದಿಲ್ಲ ಅಂತ. ‘ಮಗ ಬೈತಾನೆ’ ಅಂದುಬಿಟ್ಟರೆ ಅಪ್ಪನಿಗೂ ಮುಜುಗರ ಇಲ್ಲ.

ಗ್ರಿಲ್ಲಿನ ಇನ್ನೊಂದು ಮುಖವನ್ನೂ ಹೇಳಲೇಬೇಕು. ಎಲ್ಲ ಕಿಟಕಿ, ಬಾಗಿಲಿಗೂ ಸರಳು ಬಿಗಿದು ರಾತ್ರಿ ಒಳಗಿನಿಂದ ಬೀಗ ಹಾಕಿ ಮಲಗಿದ ಮನೆಯಲ್ಲಿ ಬೆಂಕಿ ಬಿದ್ದರೆ ಹೊರಬರಲು ದಾರಿ ಇರುವುದಿಲ್ಲ. ಮಲಗುವ ಕೋಣೆಯ ಒಂದು ಕಿಟಕಿಗಾದರೂ ಒಳಗಿನಿಂದ ತೆಗೆಯಲು ಬರುವ ಗ್ರಿಲ್ ಇರಲಿ. ಅದರ ಕೀ, ಮುಂಬಾಗಿಲ ಕೀ ಎರಡಕ್ಕೂ ಒಂದೊಂದು ಜಾಗ ಗೊತ್ತು ಮಾಡಿ. ಕತ್ತಲಲ್ಲೂ ಮಗಳ ಕೈಗೆ, ಅಮ್ಮನ ಕೈಗೆ ಸಿಗಬೇಕು, ಹೊರಗಿನ ಕಿಟಕಿಯಿಂದ ಕೈಗೆಟುಕಬಾರದು.

ಡಿಜಿಟಲ್ ಲಾಕ್ ಕೇಳಿದ್ದೀರಿ. ಕೀ ಹುಡುಕುವ ತಾಪತ್ರಯ ತಪ್ಪುತ್ತದೆ, ಆದರೆ ಚೌಕಟ್ಟಿನ ಮರ ಅದೇ ಆಗಿದ್ದರೆ ರಾಡಿಗೆ ಅದೂ ಒಂದೇ, ಹಳೇ ಲಾಕೂ ಒಂದೇ. ವಯಸ್ಸಾದವರ, ತೋಟದ ಕೆಲಸ ಮಾಡಿದವರ ಬೆರಳಿನ ಗೆರೆ ಸವೆದಿರುತ್ತದೆ, ಮಷಿನ್ ಎಷ್ಟೋ ಸಲ ಓದುವುದಿಲ್ಲ. ಹಾಕಿಸಲೇಬೇಕು ಅಂದರೆ ಮಾಮೂಲಿ ಕೀಯೂ ಇರುವಂಥದ್ದನ್ನೇ ಹಾಕಿಸಿ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮನೆಗೆ ಈಗ ಅದು ಬೇಡ.

ನಾಯಿ ಬೊಗಳಿದರೆ ಕಳ್ಳನಿಗೆ ಖಂಡಿತ ತೊಂದರೆ. ಊರ ನಾಯಿಯೇ ಸಾಕು, ದುಬಾರಿ ತಳಿ ಬೇಕಿಲ್ಲ. ಆದರೆ ಕಾಶಿಗೆ ಹೋದಾಗ ಅದನ್ನು ನೋಡಿಕೊಳ್ಳುವವರು ಯಾರು? ಪ್ರೀತಿಯಿಂದ ಸಾಕುವ ಮನಸ್ಸಿದ್ದರೆ ಮಾತ್ರ ತನ್ನಿ. ಕಾಂಪೌಂಡಿಗೆ ಕರೆಂಟ್ ಹರಿಸುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೇ ಹಾಕಿಕೊಳ್ಳಬೇಡಿ. ಹಂದಿಗೆ ಬಿಟ್ಟ ಅಂಥ ತಂತಿಗೆ ಮಲೆನಾಡಿನಲ್ಲಿ ಮನುಷ್ಯರು ಬಲಿಯಾಗಿದ್ದಾರೆ. ನಾಳೆ ಚೆಂಡು ತರಲು ಹತ್ತುವ ಮಗುವಿಗೂ ಅದೇ ಗತಿ, ಕ್ರಿಮಿನಲ್ ಕೇಸು ನಿಮ್ಮ ಮೇಲೆ.

ಕ್ಯಾಮೆರಾ ಎಂಟು ಬೇಡ, ಮೂರು ಸಾಕು: ಗೇಟು, ಹಿತ್ತಲು, ತಾರಸಿ ಮೆಟ್ಟಿಲು. ಗೇಟಿನದ್ದನ್ನು ಮುಖ ಕಾಣುವ ಎತ್ತರದಲ್ಲಿ, ಕೈಗೆ ಸುಲಭಕ್ಕೆ ಸಿಗದ ಹಾಗೆ ಕೂರಿಸಿ. ಸೂರಿನ ಕೆಳಗೆ ಹಾಕಿದ ಕ್ಯಾಮೆರಾದಲ್ಲಿ ನಮಗೆ ಸಿಗುತ್ತಿದ್ದುದು ಬರೀ ಮಂಕಿ ಕ್ಯಾಪಿನ ನೆತ್ತಿ. ಕ್ಯಾಮೆರಾ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನು ಟಿವಿ ಪಕ್ಕ ಇಟ್ಟರೆ ಕಳ್ಳ ಹೋಗುವಾಗ ಅದನ್ನೂ ಎತ್ತಿಕೊಂಡು ಹೋಗುತ್ತಾನೆ. ಅದನ್ನು ಬೀಗವಿರುವ ಕಪಾಟಿನಲ್ಲಿಡಿ, ದೃಶ್ಯ ಇಂಟರ್‌ನೆಟ್ ಮೂಲಕ ಬೇರೆ ಕಡೆಯೂ ಉಳಿಯುವ ವ್ಯವಸ್ಥೆ ಮಾಡಿಸಿ. ಕರೆಂಟು ಹೋದರೂ ನಡೆಯುವಂತೆ ಕ್ಯಾಮೆರಾ, ಮೋಡೆಮ್ ಎರಡನ್ನೂ ಯುಪಿಎಸ್‌ಗೆ ಸೇರಿಸಿ. ಅಂಗಡಿಯವರು ಇಟ್ಟ ಪಾಸ್‌ವರ್ಡನ್ನು ಆವತ್ತೇ ಬದಲಿಸಿ. ಮಲಗುವ ಕೋಣೆಯಲ್ಲಿ ಕ್ಯಾಮೆರಾ ಬೇಡವೇ ಬೇಡ. ನಿಮ್ಮ 50 ಸಾವಿರದಲ್ಲಿ ಮೊದಲು ಚೌಕಟ್ಟು, ಹಿತ್ತಲು ಮತ್ತು ತಾರಸಿ ಬಾಗಿಲು, ಆಮೇಲೆ ಗ್ರಿಲ್ ಬಾಗಿಲು, ಆಮೇಲೆ ಲಾಕರ್ ಬಾಡಿಗೆ. ಉಳಿದದ್ದರಲ್ಲಿ ಕ್ಯಾಮೆರಾ.

ಮನೆಯಲ್ಲಿ ಇರುವಾಗಲೇ ರಾತ್ರಿ ಯಾರೋ ಒಳಗೆ ಬಂದ ಸದ್ದಾದರೆ, ಹುಡುಕಿಕೊಂಡು ಹೋಗಬೇಡಿ. ಎಲ್ಲರೂ ಒಂದು ಕೋಣೆ ಸೇರಿ, ಒಳಗಿನಿಂದ ಚಿಲಕ ಹಾಕಿ, ದೀಪ ಹಾಕಿ, ಜೋರಾಗಿ ಕೂಗಿ, 112ಕ್ಕೆ ಫೋನ್ ಮಾಡಿ. ಅವನು ಓಡುವ ದಾರಿಗೆ ಅಡ್ಡ ನಿಲ್ಲಬೇಡಿ. ಮಲಗುವ ಕೋಣೆಯ ಬಾಗಿಲಿಗೂ ಒಂದು ಗಟ್ಟಿ ಚಿಲಕ ಹಾಕಿಸಿ ಅಂತ ಬಡಗಿಗೆ ಹೇಳಲು ಮರೆಯಬೇಡಿ.

ವಾಪಸ್ ಬಂದಾಗ ಬಾಗಿಲು ಒಡೆದಿದ್ದರೆ ಒಳಗೆ ಹೆಜ್ಜೆ ಇಡಬೇಡಿ, ಒಳಗೆ ಇನ್ನೂ ಯಾರಾದರೂ ಇರಬಹುದು. 112ಕ್ಕೆ ಹೇಳಿ ಹೊರಗೇ ಕಾಯಿರಿ. ಬೆರಳಚ್ಚಿನವರು, ಶ್ವಾನದಳ ಬರುವ ತನಕ ಬೀರು ಮುಟ್ಟುವುದು, ಚೆಲ್ಲಿದ ಬಟ್ಟೆ ಮಡಚುವುದು, ನೆಂಟರು ಬಂದು ಮನೆಯೆಲ್ಲ ಓಡಾಡುವುದು ಬೇಡ. ಮನೆಕೆಲಸದವರ ಮೇಲೆ ಆ ಕ್ಷಣದ ಸಿಟ್ಟಿನಲ್ಲಿ ಅನುಮಾನದ ಮಾತು ಆಡಬೇಡಿ. ಏನಾದರೂ ಗೊತ್ತಿದ್ದರೆ ತನಿಖಾಧಿಕಾರಿಗೆ ಮಾತ್ರ ಹೇಳಿ. ಏನೂ ಮಾಡದ ಹೆಣ್ಣುಮಗಳೊಬ್ಬಳು ಇಡೀ ಬಡಾವಣೆಯಲ್ಲಿ ಕೆಲಸ ಕಳೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ಆಮೇಲೆ ನಿಜವಾದ ಕಳ್ಳ ಸಿಕ್ಕರೂ ಅವಳ ಹೆಸರಿಗೆ ಅಂಟಿದ ಮಸಿ ಹೋಗಲಿಲ್ಲ.

ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು, ಕೇಳಿ ಪಡೆಯಿರಿ. ಬಾಗಿಲು ಒಡೆದು ಕದ್ದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 331 (ಮನೆ ಒಡೆದು ನುಗ್ಗುವುದು) ಮತ್ತು 305ನೇ (ಮನೆಯೊಳಗಿನ ಕಳವು) ಕಲಂ ಅದರಲ್ಲಿವೆಯಾ ನೋಡಿ. ಬರೀ 303, ಅಂದರೆ ಸಾಮಾನ್ಯ ಕಳವು ಅಂತಷ್ಟೇ ಇದ್ದರೆ ಯಾಕೆ ಅಂತ ವಿಚಾರಿಸಿ. ವಿಮೆಯವರು ಮೊದಲು ನೋಡುವುದು ಅದನ್ನೇ.

ಕಳವಾದ ಬಂಗಾರ ಸಿಕ್ಕಿದ ಮೇಲೂ ಅದು ನೇರ ನಿಮ್ಮ ಕೈಗೆ ಬರುವುದಿಲ್ಲ. ಕೋರ್ಟಿಗೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ಅಲ್ಲಿ ‘ಇದು ನಮ್ಮದೇ’ ಅಂತ ತೋರಿಸುವುದು ಕಷ್ಟ. ಅದಕ್ಕೇ ಈ ಭಾನುವಾರ ಒಂದು ಗಂಟೆ ಕೂತು ಪ್ರತಿಯೊಂದು ಒಡವೆಯ ಫೋಟೊ ತೆಗೆಯಿರಿ, ಮುಂದೆ, ಹಿಂದೆ, ಕೊಂಡಿ ಹತ್ತಿರ. ತೂಕ ಬರೆಯಿರಿ. ಹೊಸ ಒಡವೆಯಲ್ಲಿ ಭೂತಗನ್ನಡಿ ಹಿಡಿದರೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ, ಅಂದರೆ ಆ ಒಡವೆಗೇ ಮೀಸಲಾದ ಗುರುತಿನ ಸಂಖ್ಯೆ, ಕಾಣುತ್ತದೆ, ಅದನ್ನೂ ಬರೆದಿಡಿ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆ ಮಾರಲು ಆ ಸಂಖ್ಯೆ ಕಡ್ಡಾಯ. ಅಮ್ಮನ ಹಳೇ ಕಾಸಿನ ಸರಕ್ಕೆ ಅಂಥದ್ದೇನೂ ಇರುವುದಿಲ್ಲ, ಬಿಲ್ಲೂ ಇರುವುದಿಲ್ಲ. ಅದಕ್ಕೆ ಯಾವುದಾದರೂ ಮದುವೆಯಲ್ಲಿ ಅಮ್ಮ ಅದನ್ನು ಹಾಕಿಕೊಂಡು ನಿಂತ ಫೋಟೊ ಹುಡುಕಿ ತೆಗೆದಿಡಿ. ಕೋರ್ಟಿನಲ್ಲಿ ಅಂಥ ಫೋಟೊ ತೋರಿಸಿ ಒಡವೆ ಬಿಡಿಸಿಕೊಂಡವರಿದ್ದಾರೆ. ಒಂದು ಪ್ರತಿ ನಿಮ್ಮ ಇಮೇಲ್‌ನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಹತ್ತಿರದ ನೆಂಟರ ಬಳಿ ಇರಲಿ.